ಬುಟ್ಟಿಗೊಂದು ಠಾವು

ಬೀದಿ ಎಂಬ ಮಾತಿಗೆ ಕನ್ನಡದಲ್ಲಿ ಮರ್ಯಾದೆ ಸಾಲದು. ಕೆಟ್ಟವನು ಬೀದಿಪಾಲಾದನೆನ್ನುತ್ತೇವೆ, ಮನೆಯ ಮಾನ ಬೀದಿಗೆ ಬಂದಿತೆನ್ನುತ್ತೇವೆ, ಜಗಳಗಳಲ್ಲಿ ಹೀನವಾದುದು ಬೀದಿಜಗಳ, ನಾಯಿಗಳಲ್ಲಿ ಅನಾಥವಾದುದು ಬೀದಿನಾಯಿ. ಸಂತೆಯ ಪಾಡೂ ಇದಕ್ಕಿಂತ ಮೇಲಲ್ಲ. ಗದ್ದಲವೆದ್ದ ತರಗತಿಯನ್ನು ಕಂಡು “ಇದೇನು ಸಂತೆಯೇ?” ಎಂದು ಗದರಿಸದ ಮಾಸ್ತರರು ಯಾರೂ ಇರಲಾರರು. ಅವಸರದಲ್ಲಿ ಕೆಟ್ಟ ಕೆಲಸವನ್ನು ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದಂತೆ ಎಂದು ಗಾದೆ ಹಳಿಯುತ್ತದೆ. ಭಾಷೆಯೊಳಗೆ ಹೀಗೆ ಬೇರೂರಿದ ತಾತ್ಸಾರವು ಆಡಳಿತದೊಳಗೂ ಇಳಿಯದೆ ಇರುವುದಿಲ್ಲ. ಬೀದಿಯ ಅಂಚಿನಲ್ಲಿ ಪುಂಡಿಪಲ್ಯದ ಸಿವುಡು ಹರವಿಕೊಂಡು ಕುಳಿತವಳನ್ನು ಎಬ್ಬಿಸುವ ಜವಾನನಿಗೆ ತಾನೊಂದು ಅಂಗಡಿಯನ್ನು ಮುಚ್ಚಿಸುತ್ತಿದ್ದೇನೆಂಬ ಅಳುಕು ಹುಟ್ಟುವುದಿಲ್ಲ. ಬೀದಿಯನ್ನು ಗುಡಿಸಿದ ತೃಪ್ತಿಯೇ ಅವನಿಗೆ ಉಂಟಾಗುತ್ತದೆ.

ಈ ತಾತ್ಸಾರ ಒಂದು ಸಲ ಮಾತ್ರ ಕೆಲವು ತಿಂಗಳ ಮಟ್ಟಿಗೆ ಮರೆಯಾಗಿತ್ತು. 2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಅದು ಕೊರೋನಾದಿಂದ ದೇಶದಲ್ಲಿ ಸಂಭವಿಸಿದ ಮೊದಲ ಸಾವೆಂದು ಎರಡು ದಿನಗಳ ಮೇಲೆ ಖಚಿತವಾಯಿತು. ಆದುದರಿಂದ ದೇಶಕ್ಕೆಲ್ಲ ಆ ತಿಂಗಳ 24ರ ನಡುರಾತ್ರಿ ಬಾಗಿಲು ಬೀಳುವ ಮುನ್ನವೇ ನಮ್ಮ ಜಿಲ್ಲೆಗೆ ಭಯದ ಪರಿಚಯವಾಗಿತ್ತು. ಸಂತೆಗಳು ನಿಂತವು, ಜಾತ್ರೆಗಳು ನಿಂತವು. ಮರುವರ್ಷ ಎರಡನೆಯ ಅಲೆ ಬಂದಾಗ, 2021ರ ಮೇ ತಿಂಗಳ ಆರಂಭದಲ್ಲಿ, ರಾಜ್ಯ ಸರಕಾರ ಹೊರಡಿಸಿದ ಆಜ್ಞೆಯನ್ನು ಓದಿದರೆ ಒಂದು ಸ್ವಾರಸ್ಯ ಕಾಣುತ್ತದೆ. ವಾರದ ಸಂತೆಗೆ ನಿಷೇಧ. ಕಿರಾಣಿ ಅಂಗಡಿಗೆ ಮಧ್ಯಾಹ್ನ 12ರವರೆಗೆ ಮಾತ್ರ ಅಪ್ಪಣೆ. ಹಣ್ಣು ಕಾಯಿಪಲ್ಯದ ತಳ್ಳುಗಾಡಿಗಾದರೋ ಬೆಳಗಿನ 6ರಿಂದ ಸಂಜೆ 6ರವರೆಗೆ. ಬೀದಿಗೆ ಬರಬೇಡಿರೆಂದು ನಮ್ಮನ್ನು ಮನೆಯಲ್ಲಿ ಕೂಡಿಸಿದ ಸರಕಾರವು ತಳ್ಳುಗಾಡಿಯವನನ್ನು ತಾನೇ ಬೀದಿಗೆ ಕಳುಹಿಸಿತು. ಊರಿನ ಹೊಟ್ಟೆಗೆ ದಾರಿ ಯಾವುದೆಂಬುದು ಆಳುವವರಿಗೆ ತಿಳಿಯದ ವಿಷಯವೇನೂ ಅಲ್ಲ.

ಆದರೆ ತಳ್ಳುಗಾಡಿ ಪಟ್ಟಣದ ವಸ್ತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಓಣಿಗಳಲ್ಲಿ ಅದು ಉರುಳೀತು. ಹೆಸರಿನ ತುದಿಯಲ್ಲಿಯೇ ‘ಪೇಟ’ವನ್ನು ಕಟ್ಟಿಕೊಂಡಿರುವ ನಮ್ಮ ಸುಲೇಪೇಟದಂಥ ಹಳ್ಳಿಗಳಲ್ಲಿ ಮಾರುವವರು ಬಹುಮಟ್ಟಿಗೆ ತಲೆಹೊರೆಯವರು. ಹೊಲದ ಬದುವಿನ ಪಲ್ಯ, ನಾಲ್ಕು ಸೇರು ಹೆಸರು, ತೊಗರಿಯ ಬೇಳೆ, ಕಾಲಬಂದಾಗ ಸೀತಾಫಲ, ಇವನ್ನು ಬುಟ್ಟಿಯಲ್ಲಿಟ್ಟುಕೊಂಡು ವಾರಕ್ಕೊಮ್ಮೆ ಒಂದು ಸಂತೆ, ಮರುದಿನ ಇನ್ನೊಂದು ಸಂತೆ ಎಂದು ತಿರುಗುವವರು ಇವರು. ಅವರ ಮೂಲಧನವೆಂದರೆ ಕಳೆದ ಸಂತೆಯ ಗಲ್ಲೆಯಲ್ಲಿ ಉಳಿದದ್ದು. ನಾಲ್ಕು ಸಂತೆಗಳು ತಪ್ಪಿದರೆ ಅದನ್ನು ಮನೆಯವರು ಉಂಡು ಮುಗಿಸಿರುತ್ತಾರೆ. ಇಷ್ಟಕ್ಕೆ ನಿಲ್ಲಲಿಲ್ಲ. ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆಹೋಗಿದ್ದವರು 2020ರ ಮೇ ತಿಂಗಳಿನಲ್ಲಿ ಹಿಂದಿರುಗಿ ಶಾಲೆಗಳ ಕೊಠಡಿಗಳಲ್ಲಿ ದಿನಗಳನ್ನೆಣಿಸಿ ಊರು ಸೇರಿದರು. ಎಲ್ಲರೂ ಮರಳಿ ಹೋಗಲಿಲ್ಲ. ಉಳಿದವರಲ್ಲಿ ಕೆಲವರು ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ಸುಸಲಾ, ಮಿರ್ಚಿಭಜಿಗಳ ಬಂಡಿ ಇಟ್ಟರು. ಕೆಲವರು ಮೊಬೈಲಿನ ಸಾಮಾನು ಹರವಿದರು. ಬೀದಿ ಇದ್ದಷ್ಟೇ ಇದೆ, ಕೂಡುವವರು ಹೆಚ್ಚಿದ್ದಾರೆ. ನಿಯಂತ್ರಣದ ಪ್ರಶ್ನೆ ಈಗ ಹಿಂದೆಂದಿಗಿಂತ ಬಿಗಿಯಾಗಿ ಏಳುವುದಕ್ಕೆ ಇದು ಕಾರಣ.

ನಿಯಂತ್ರಣವೇ ಬೇಡ ಎನ್ನುವ ಪಕ್ಷ ನನ್ನದಲ್ಲ. ಸಾಹಿತ್ಯವನ್ನು ಬಲ್ಲ ನಮ್ಮಂಥವರಿಗೆ ಸಂತೆ ಒಂದು ಚಿತ್ರವಾಗಿ ಪ್ರಿಯವಾದುದು. ಅದರ ಬಣ್ಣ, ಅದರ ಕೂಗು, ಬಳೆಗಾರನ ಮಲಾರ, ಇವೆಲ್ಲ ನಮ್ಮ ಕಥೆ ಕವಿತೆಗಳಿಗೆ ಬೇಕು. ಚಿತ್ರದಲ್ಲಿ ಕೆಸರು ನಾರುವುದಿಲ್ಲ. ಆಸ್ಪತ್ರೆಗೆ ಹೊರಟ ಬಸುರಿಯ ಗಾಡಿ ಸಂತೆಯ ನಡುವೆ ಸಿಕ್ಕಿಕೊಂಡು ಹಾರ್ನು ಬಾರಿಸುತ್ತ ನಿಂತುದನ್ನು ನೋಡಿದವರು ಬೀದಿಯ ಸೌಂದರ್ಯವನ್ನು ಕುರಿತು ಭಾಷಣ ಮಾಡಲಾರರು. ಬಾಡಿಗೆ ತೆತ್ತು, ತೆರಿಗೆ ತೆತ್ತು ಅಂಗಡಿಯಿಟ್ಟವನು ತನ್ನ ಬಾಗಿಲಿಗೆ ಅಡ್ಡವಾಗಿ ಬಂಡಿ ನಿಂತರೆ ಸಿಡುಕುವುದೂ ಸಹಜವೇ. (ಅದೇ ಅಂಗಡಿಕಾರರಲ್ಲಿ ತಮ್ಮ ಕಟ್ಟೆಯ ಮುಂದಿನ ಸರಕಾರೀ ನೆಲಕ್ಕೆ ಬಂಡಿಯವನಿಂದ ದಿನಬಾಡಿಗೆ ಎತ್ತುವ ಜಾಣರೂ ಉಂಟೆಂಬುದನ್ನು ಈ ಆವರಣದೊಳಗೆ ಹೇಳಿಬಿಡುತ್ತೇನೆ.) ನಿಯಮ ಬೇಕು ಎಂಬುದರಲ್ಲಿ ವಿವಾದವಿಲ್ಲ. ಯಾರ ಕಾವಲಿಗೆ ಅದು ಇರಬೇಕು, ಎಲ್ಲಿಯವರೆಗೆ ಅದರ ಕೈ ಚಾಚಬೇಕು ಎಂಬಲ್ಲಿ ವಿವಾದ.

ಕಾಯಿದೆಯೊಂದು ಈಗಾಗಲೇ ಇದೆ. 2013ರಲ್ಲಿ ಲೋಕಸಭೆಯೂ 2014ರಲ್ಲಿ ರಾಜ್ಯಸಭೆಯೂ ಒಪ್ಪಿ, 2014ರ ಮೇ 1ರಿಂದ ಜಾರಿಗೆ ಬಂದ ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣದ ಕಾಯಿದೆ ಅದು. ಹೆಸರಿನಲ್ಲಿ ರಕ್ಷಣೆ ಮೊದಲು, ನಿಯಂತ್ರಣ ಆಮೇಲೆ. ಅದರ ಹಿಂದೆ ನ್ಯಾಯಾಲಯಗಳಲ್ಲಿ ನಡೆದ ದೀರ್ಘವಾದ ವ್ಯಾಜ್ಯಗಳಿವೆ. ಬೀದಿಯಲ್ಲಿ ವ್ಯಾಪಾರ ಮಾಡುವುದೂ ಸಂವಿಧಾನದ 19ನೆಯ ವಿಧಿ ಕೊಟ್ಟ ಉದ್ಯೋಗ ಸ್ವಾತಂತ್ರ್ಯದೊಳಗೆ ಬರುತ್ತದೆಂದು, ತಕ್ಕ ನಿರ್ಬಂಧಗಳಿಗೆ ಒಳಪಡಿಸಿ, ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಸೋದನ್ ಸಿಂಗರ ಮೊಕದ್ದಮೆಯಲ್ಲಿ ಹೇಳಿತು. ಅಹಮದಾಬಾದಿನಲ್ಲಿ ಇಳಾ ಭಟ್ಟರು 1972ರಲ್ಲಿ ಕಟ್ಟಿದ ‘ಸೇವಾ’ ಸಂಘದ ಹೆಂಗಸರು ಬುಟ್ಟಿಯ ಪಾಡನ್ನು ದೇಶದ ಕಿವಿಗೆ ಮುಟ್ಟಿಸಿದರು. ಇಷ್ಟೆಲ್ಲ ಆದಮೇಲೆ ಬಂದ ಕಾಯಿದೆ ಒರಟಾದುದಲ್ಲ. ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಗಣತಿಯಾಗಬೇಕು. ಗಣತಿ ಮುಗಿದು ಪ್ರಮಾಣಪತ್ರ ಕೈಗೆ ಬರುವ ತನಕ ಯಾರನ್ನೂ ಎಬ್ಬಿಸಕೂಡದು. ಬೇರೆಡೆಗೆ ಸಾಗಿಸಬೇಕಾದರೆ 30 ದಿನಗಳ ಮುನ್ಸೂಚನೆ ಬೇಕು. ಸಾಮಾನು ಜಪ್ತಿ ಮಾಡಿದರೆ ಅದರ ಪಟ್ಟಿಯನ್ನು ಬರೆದುಕೊಡಬೇಕು. ಕೊಳೆಯುವ ಸರಕನ್ನು ದಂಡ ಕಟ್ಟಿಸಿಕೊಂಡು ಅದೇ ದಿನ ಹಿಂದಿರುಗಿಸಬೇಕು. ಐವತ್ತು ವರ್ಷಗಳಿಗೆ ಮೇಲ್ಪಟ್ಟು ನಡೆದುಬಂದ ಬಜಾರನ್ನು ಪಾರಂಪರಿಕವೆಂದು ಸಾರಿ, ಅಲ್ಲಿಯವರನ್ನು ಕದಲಿಸಬಾರದು. ಜನಸಂಖ್ಯೆಯ ನೂರಕ್ಕೆ ಎರಡೂವರೆಯಷ್ಟು ವ್ಯಾಪಾರಿಗಳಿಗೆ ಸ್ಥಳ ಕಾಣಿಸಬೇಕು. ಎಂದರೆ ನಲವತ್ತು ಸಾವಿರ ಜನರ ಪಟ್ಟಣಕ್ಕೆ ಒಂದು ಸಾವಿರ ಬುಟ್ಟಿ. ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ನೂರಕ್ಕೆ 40 ಮಂದಿ ವ್ಯಾಪಾರಿಗಳೇ ಆಗಿರಬೇಕು, ಚುನಾಯಿತರಾಗಿರಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು.

ಓದಿದರೆ ಸಂತೋಷವಾಗುತ್ತದೆ. ಆ ಸಂತೋಷದಲ್ಲಿ ಒಂದು ಸಣ್ಣ ಮಾತು ಕಣ್ಣು ತಪ್ಪಿಹೋಗುತ್ತದೆ. ಕಾಯಿದೆಯಲ್ಲಿ ‘ಸ್ಥಳೀಯ ಪ್ರಾಧಿಕಾರ’ವೆಂದರೆ ನಗರ ಅಥವಾ ಪಟ್ಟಣದ ಆಡಳಿತ. ಗ್ರಾಮಪಂಚಾಯಿತಿಯ ಸಂತೆ ಅದರ ಹೊರಗೆ. ರೈಲ್ವೆಯ ನೆಲ, ಕಟ್ಟಡ, ಗಾಡಿಗಳಿಗೂ ಈ ಕಾಯಿದೆ ಅನ್ವಯಿಸದೆಂದು ಮೊದಲ ಪ್ರಕರಣದಲ್ಲಿಯೇ ಬರೆದಿದೆ. ಈಗ ನಮ್ಮ ಸೀಮೆಯನ್ನು ಕಣ್ಣಮುಂದೆ ತಂದುಕೊಳ್ಳಿರಿ. ಇಲ್ಲಿ ಬಡವನು ಮಾರುವ ಸ್ಥಳಗಳು ಮುಖ್ಯವಾಗಿ ಮೂರು: ಪಟ್ಟಣದ ಬೀದಿ, ಹಳ್ಳಿಯ ಸಂತೆ, ವಾಡಿ ಜಂಕ್ಷನ್ನಿನಂಥ ನಿಲ್ದಾಣ. ಮೂರರಲ್ಲಿ ಕಾಯಿದೆಯ ನೆರಳು ಬೀಳುವುದು ಒಂದರ ಮೇಲೆ. ಒಬ್ಬಳೇ ಹೆಂಗಸು ಒಂದು ದಿನ ಸೇಡಮ್ಮಿನ ಬೀದಿಯಲ್ಲಿ ಕುಳಿತಾಗ ಕಾಯಿದೆಯ ಪ್ರಕಾರ ಹಕ್ಕುಳ್ಳ ಬೀದಿವ್ಯಾಪಾರಿ. ಮಾರನೆಯ ದಿನ ಅದೇ ಬುಟ್ಟಿಯೊಡನೆ ತನ್ನೂರಿನ ಸಂತೆಯಲ್ಲಿ ಕುಳಿತಾಗ ಏನೂ ಅಲ್ಲ.

ಸಾಲದ ವಿಷಯದಲ್ಲಿಯೂ ಇದೇ ಗೆರೆ. 2020ರ ಜೂನ್ 1ರಂದು ಕೇಂದ್ರ ಸರಕಾರ ಸ್ವನಿಧಿ ಯೋಜನೆಯನ್ನು ಸಾರಿತು. ಅದೇ ದಿನ ಚೀನದ ಪ್ರಧಾನಿ ಲೀ ಕೆಚಿಯಾಂಗ್ ಯಂತಾಯ್ ಎಂಬ ಪಟ್ಟಣದ ಬೀದಿಯಂಗಡಿಗಳ ಮುಂದೆ ನಿಂತು ಅವುಗಳನ್ನು ಹೊಗಳಿದರಂತೆ. ಬೀಜಿಂಗಿನ ಪತ್ರಿಕೆ ಮಾತ್ರ ಕೆಲವೇ ದಿನಗಳಲ್ಲಿ ರಾಜಧಾನಿಗೆ ಇಂಥ ಅಂಗಡಿಗಳು ಶೋಭಿಸವೆಂದು ಬರೆಯಿತು. ಎರಡು ದೊಡ್ಡ ದೇಶಗಳಿಗೆ ಕಷ್ಟಕಾಲದಲ್ಲಿ ಒಮ್ಮೆಗೇ ಬೀದಿಯ ನೆನಪಾದದ್ದು ಸೋಜಿಗ. ಸ್ವನಿಧಿಯಲ್ಲಿ ಮೊದಲು 10,000 ರೂಪಾಯಿ, ಒತ್ತೆಯಿಲ್ಲದೆ, ವರ್ಷದೊಳಗೆ ತೀರಿಸುವಂತೆ. ಸರಿಯಾಗಿ ತೀರಿಸಿದವರಿಗೆ 20,000, ಅನಂತರ 50,000. ಬಡ್ಡಿಯಲ್ಲಿ ನೂರಕ್ಕೆ 7ನ್ನು ಸರಕಾರ ತುಂಬಿಕೊಡುತ್ತದೆ. 2025ರ ಆಗಸ್ಟಿನಲ್ಲಿ ಮೊದಲ ಕಂತನ್ನು 15,000ಕ್ಕೂ ಎರಡನೆಯದನ್ನು 25,000ಕ್ಕೂ ಏರಿಸಿ ಯೋಜನೆಯನ್ನು 2030ರ ಮಾರ್ಚಿನವರೆಗೆ ಮುಂದುವರಿಸಿದ್ದಾರೆ. ಇದನ್ನು ಅಲ್ಲಗಳೆಯುವುದು ಅನ್ಯಾಯ. ಬೆಳಿಗ್ಗೆ 900 ಎಣಿಸಿಕೊಟ್ಟು ಸಂಜೆ 1,000 ಎತ್ತುವ ದಿನಬಡ್ಡಿಯ ಸಾಹುಕಾರನ ಕೈಯಿಂದ ಒಬ್ಬಳು ಬಿಡಿಸಿಕೊಂಡರೂ ಅದು ಪುಣ್ಯದ ಕೆಲಸ. ನಮ್ಮ ರಾಜ್ಯವೇ ಕೊರೋನಾಕ್ಕೆ ಮುಂಚೆ, 2018ರಲ್ಲಿ, ಬಡವರ ಬಂಧು ಎಂಬ ಹೆಸರಿನಿಂದ ಬಡ್ಡಿಯಿಲ್ಲದ ಕೈಸಾಲವನ್ನು ಕೊಡಲು ಹೊರಟಿತ್ತು.

ಹಳ್ಳಿಯವಳಿಗೆ ಸ್ವನಿಧಿ ಸಿಗುವುದೇ? ಪಟ್ಟಣದ ಗಡಿಯೊಳಗೆ ಬಂದು ಮಾರಿದರೆ ಸಿಗುತ್ತದೆ. ಸುಲೇಪೇಟದವಳು ಚಿಂಚೋಳಿಗೋ ಸೇಡಮ್ಮಿಗೋ ಬಸ್ಸಿನಲ್ಲಿ ಬುಟ್ಟಿ ಒಯ್ದರೆ ಅವಳು ಅರ್ಹಳು. ಮನೆಯ ಮುಂದಿನ ಸಂತೆಯಲ್ಲಿ ಕುಳಿತರೆ ಅರ್ಹಳಲ್ಲ. ಪಟ್ಟಣದ ಅಂಚಿನ ಪ್ರದೇಶಗಳಿಗೂ ಗಣತಿಪಟ್ಟಣಗಳಿಗೂ ಹಂತಹಂತವಾಗಿ ಹಬ್ಬಿಸುವುದಾಗಿ 2025ರಲ್ಲಿ ಹೇಳಿದ್ದಾರೆ, ಸಂತೋಷವೇ. ಸಂತೆಯು ಯಾವ ಅಂಚಿನಲ್ಲಿಯೂ ಇಲ್ಲ. ಅದು ಹಳ್ಳಿಯ ನಟ್ಟನಡುವೆ ಇದೆ. ಸಂತೆಯಲ್ಲಿ ಪಲ್ಯ ಮಾರುವ ಒಬ್ಬ ಮುದುಕಿಯನ್ನು ಈ ಸಾಲದ ವಿಚಾರವಾಗಿ ಕೇಳಿದಾಗ ಅವಳು ಕೊಟ್ಟ ಉತ್ತರ ನನ್ನ ಕಿವಿಯಲ್ಲಿದೆ: “ಸಾಲಾ ಕೊಡ್ತೀವಿ ಅಂತಾರ್ರಿ ಸರ. ಕುಂದ್ರಲಾಕ ಜಾಗಾ ಯಾರ್ ಕೊಡ್ತಾರ್ರಿ?” ಸಾಲಕ್ಕೆ ಇಲಾಖೆಯಿದೆ, ಬ್ಯಾಂಕಿದೆ, ಗುರಿಯ ಅಂಕಿಗಳಿವೆ. ಠಾವಿಗೆ ಯಾರೂ ಗುರಿ ಇಟ್ಟಂತಿಲ್ಲ. ಠಾವಿಲ್ಲದವಳಿಗೆ ಕೊಟ್ಟ ಸಾಲ ಅವಳನ್ನು ಎಬ್ಬಿಸಿದ ದಿನವೇ ಹೊರೆಯಾಗುತ್ತದೆ.

ಇಲ್ಲಿ ನನ್ನ ಕಸುಬಿಗೆ ಸಂಬಂಧಿಸಿದ ಒಂದು ಮಾತನ್ನು ಆಡಬೇಕು. ಈ ವ್ಯಾಪಾರವನ್ನೆಲ್ಲ ಸರಕಾರದ ಕನ್ನಡ ‘ಅಸಂಘಟಿತ ವಲಯ’ ಎಂಬ ಹೆಸರಿನಿಂದ ಕರೆಯುತ್ತದೆ. ಅರ್ಥಶಾಸ್ತ್ರದವರು ‘ಅನೌಪಚಾರಿಕ’ ಎನ್ನುತ್ತಾರೆ. ಈ ಎರಡನೆಯ ಕಲ್ಪನೆಯನ್ನು 1971ರಲ್ಲಿ ಘಾನಾ ದೇಶದ ಅಕ್ರಾ ನಗರದ ಬಡವರನ್ನು ಕುರಿತು ಮಾತನಾಡುತ್ತ ಕೀತ್ ಹಾರ್ಟ್ ಎಂಬ ಮಾನವಶಾಸ್ತ್ರಜ್ಞ ಮುಂದಿಟ್ಟನು. ಮರುವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಕೀನ್ಯಾ ವರದಿ ಅದನ್ನು ಲೋಕಕ್ಕೆಲ್ಲ ಹಂಚಿತು. ಬಡವರು ಕೆಲಸವಿಲ್ಲದೆ ಕುಳಿತವರಲ್ಲ, ಲೆಕ್ಕಕ್ಕೆ ಬಾರದ ಕೆಲಸದಲ್ಲಿ ದುಡಿಯುತ್ತಿರುವವರು ಎಂದು ತೋರಿಸುವುದು ಅವನ ಉದ್ದೇಶವಾಗಿತ್ತು. ನಮ್ಮಲ್ಲಿ ಬರುವಷ್ಟರಲ್ಲಿ ಅದು ‘ಅಸಂಘಟಿತ’ವಾಗಿ, ಅಸ್ತವ್ಯಸ್ತ ಎಂಬ ಧ್ವನಿಯನ್ನು ಪಡೆದುಕೊಂಡಿತು. ಸಂತೆಯನ್ನು ಒಂದು ದಿನ ಪೂರ್ತಿ ನೋಡಿದವರು ಹೀಗೆ ಹೇಳಲಾರರು. ಯಾವ ಬೇವಿನ ಕೆಳಗೆ ಯಾರು ಕೂಡತಕ್ಕವರು ಎಂಬುದು ಅಲ್ಲಿ ಅತ್ತೆಯಿಂದ ಸೊಸೆಗೆ ಇಳಿದುಬಂದಿರುತ್ತದೆ. ಮೆಣಸಿನಕಾಯಿಯವರ ಸಾಲು ಬೇರೆ, ಗಡಿಗೆಯವರ ಸಾಲು ಬೇರೆ, ಕುರಿಗಳ ಬಯಲು ಬೇರೆ. ಒಬ್ಬಳು ಬರದಿದ್ದರೆ ಅವಳ ಸ್ಥಳವನ್ನು ನೆರೆಯವಳು ಚೀಲ ಹಾಸಿ ಕಾಯುತ್ತಾಳೆ. ಬರೆದಿಡದ ಮಾತ್ರಕ್ಕೆ ನಿಯಮವಿಲ್ಲವೆಂದೇನು?

ಬರೆದಿಟ್ಟದ್ದೂ ಉಂಟು. ನಮ್ಮ ಶಾಸನಗಳನ್ನು ತೆರೆದು ನೋಡಬಹುದು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಕೂಟ ದೇಶ ದೇಶಗಳನ್ನು ಸುತ್ತಿ ವ್ಯಾಪಾರ ಮಾಡಿತು. ತನ್ನ ಬಣಂಜುಧರ್ಮವನ್ನು ತಾನೇ ಕಾಯ್ದುಕೊಂಡಿತು. ಗುಡಿಗೆ, ಮಠಕ್ಕೆ ದತ್ತಿ ಬಿಟ್ಟಾಗ ಎಲೆಯ ಹೇರಿಗೆ ಇಷ್ಟು ಎಲೆ, ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ಎಂದು ಕಲ್ಲಿನ ಮೇಲೆ ಕೊರೆಯಿಸಿದರು. ರಾಷ್ಟ್ರಕೂಟರ ಮಾನ್ಯಖೇಟ ಇಂದಿನ ಮಳಖೇಡವಾಗಿ ನಮ್ಮ ಸೇಡಂ ತಾಲೂಕಿನಲ್ಲಿಯೇ ಕಾಗಿಣೆಯ ದಂಡೆಯಲ್ಲಿದೆ. ‘ಕವಿರಾಜಮಾರ್ಗ’ದ ನೆಲವೆಂದು ನಾವು ಅದನ್ನು ವಿದ್ಯಾರ್ಥಿಗಳಿಗೆ ತೋರಿಸುತ್ತೇವೆ. ಅಷ್ಟು ದೊಡ್ಡ ರಾಜಧಾನಿಗೆ ಕಾಯಿಪಲ್ಯ ಹೊತ್ತುತಂದವರ ಹೆಸರನ್ನು ಯಾವ ಕವಿಯೂ ಬರೆದಿಡಲಿಲ್ಲ, ಅದು ಬೇರೆ ಮಾತು. ಆದರೆ ಹಳೆಯ ಸುಂಕದ ಒಂದು ಗುಣವನ್ನು ಒಪ್ಪಬೇಕು: ದರ ಎಲ್ಲರ ಕಣ್ಣಿಗೂ ಬೀಳುವಂತಿತ್ತು.

ಇಂದು ನಮ್ಮ ಸಂತೆಗಳಲ್ಲಿ ಸುಂಕ ಹೇಗೆ ಎತ್ತುತ್ತಾರೆ? ನಿಜಾಮರ ಕಾಲದ ಮಾತಿನಲ್ಲಿ ಅದು ತೈಬಜಾರಿ. ಆ ಆಳ್ವಿಕೆ 1948ರಲ್ಲಿ ಮುಗಿಯಿತು, ಮಾತು ಮುಗಿಯಲಿಲ್ಲ. ಸಂತೆಯ ಸುಂಕವನ್ನು ವರ್ಷಕ್ಕೊಮ್ಮೆ ಹರಾಜು ಹಾಕುವುದು ರೂಢಿ. ಹೆಚ್ಚು ಕೂಗಿದವನಿಗೆ ವಸೂಲಿಯ ಹಕ್ಕು. ಹೆಚ್ಚು ಕೂಗಿದವನು ಆ ಹೆಚ್ಚನ್ನು ಬುಟ್ಟಿಗಳಿಂದಲ್ಲದೆ ಇನ್ನೆಲ್ಲಿಂದ ಎತ್ತಬೇಕು? ಅವನ ಆಳು ಚೀಟಿಪುಸ್ತಕ ಹಿಡಿದು ಬರುತ್ತಾನೆ. ಚೀಟಿ ಹರಿದರೆ ಒಂದು ದರ, ಹರಿಯದಿದ್ದರೆ ಒಂದು ದರ. ಹೊಸಬರಿಗೆ ಬೇರೆ, ಹಳಬರಿಗೆ ಬೇರೆ. ಇಷ್ಟನ್ನು ತೆತ್ತವರಿಗೆ ಸಂತೆ ಏನು ಕೊಡುತ್ತದೆ? ಬೇಸಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ನೆರಳಿಲ್ಲ, ಕುಡಿಯಲು ನಲ್ಲಿಯಿಲ್ಲ. ಮುಂಜಾನೆಯಿಂದ ಸಂಜೆಯವರೆಗೆ ಕೂಡುವ ಹೆಂಗಸರಿಗೆ ಮರೆಯಾದ ಒಂದು ಸ್ಥಳವಿಲ್ಲ. ಆ ಕಾರಣಕ್ಕೆ ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ. ಕೈ ತೊಳೆಯಿರೆಂದು ಎರಡು ವರ್ಷಗಳ ಕಾಲ ದೇಶಕ್ಕೆಲ್ಲ ಸಾರಿದೆವು. ಸಂತೆಯಲ್ಲಿ ಕೈ ತೊಳೆಯಲು ನೀರೆಲ್ಲಿ ಎಂದು ಕೇಳುವುದನ್ನು ಮರೆತೆವು.

ರೋಗ ಹೋದ ಮೇಲೆ ನಿಯಮಗಳನ್ನು ಮಾಡುವುದು ನಮಗೆ ಹೊಸದಲ್ಲ. 1896ರಲ್ಲಿ ಪ್ಲೇಗು ಮುಂಬಯಿಗೆ ಬಂದಿತು. ಮರುವರ್ಷ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿತು. 2020ರಲ್ಲಿ ನಮ್ಮನ್ನು ಮನೆಯಲ್ಲಿ ಕೂಡಿಸಿದ್ದರಲ್ಲಿ ಆ ಮುದಿ ಕಾಯಿದೆಯ ಕೈಯೂ ಇತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ತಗಲಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳೆಂಬ ಬಡಾವಣೆಗಳು ಎದ್ದವು. ಗಾಳಿ, ಬೆಳಕು, ಅಗಲವಾದ ರಸ್ತೆ, ಎಲ್ಲವೂ ಯೋಚನೆಗೆ ಬಂದವು. ಹೂವು ಹಣ್ಣುಗಳನ್ನು ಹೊತ್ತು ತರುವವರು ಕ್ರಮೇಣ ತಮ್ಮ ಠಾವನ್ನು ತಾವೇ ಮಾಡಿಕೊಂಡರು. ನೂರು ವರ್ಷಗಳಾಚೆ, ಇತ್ತೀಚೆಗೆ, ಬಸವನಗುಡಿಯ ಗಾಂಧಿ ಬಜಾರಿನ ರಸ್ತೆಯನ್ನು ಹೊಸದಾಗಿ ಕಟ್ಟಹೊರಟಾಗ ಅಲ್ಲಿಯ ಬೀದಿವ್ಯಾಪಾರಿಗಳು ಎಲ್ಲಿಗೆ ಹೋಗಬೇಕು ಎಂಬುದೇ ದೊಡ್ಡ ವಿವಾದವಾಯಿತು. ರಾಜಧಾನಿಯಲ್ಲಿ ಹಾಗಾದರೆ ಪತ್ರಿಕೆಗಳು ಬರೆಯುತ್ತವೆ. ಚಿತ್ತಾಪುರದ ಬಂಡಿಯನ್ನು ಎತ್ತಿಹಾಕಿದರೆ ಅದು ಆ ಓಣಿಯ ಸುದ್ದಿಯಾಗಿ ಸಂಜೆಗೆ ಆರಿಹೋಗುತ್ತದೆ.

2019ರಲ್ಲಿ ನಮ್ಮ ಪ್ರಾಂತಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟರು. ಹನ್ನೆರಡನೆಯ ಶತಮಾನದ ಆ ಕಲ್ಯಾಣದಲ್ಲಿ ಮೋಳಿಗೆಯ ಮಾರಯ್ಯ ಕಾಡಿನಿಂದ ಕಟ್ಟಿಗೆಯ ಹೊರೆ ತಂದು ಮಾರಿ ದಾಸೋಹ ನಡೆಸಿದನು. ರಾಜ್ಯವನ್ನೇ ಬಿಟ್ಟು ಬಂದ ಅರಸನವನೆಂದು ಪ್ರತೀತಿ. ಕಾಯಕವನ್ನು ಕುರಿತು ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ತಪ್ಪದೆ ಬರುತ್ತದೆ. ಉತ್ತರ ಬರೆಯುವ ಹುಡುಗ ಹುಡುಗಿಯರಲ್ಲಿ ಸಂತೆಯ ದಿನ ತಾಯಿಯ ಜೊತೆ ಬುಟ್ಟಿ ಇಳಿಸಲು ಹೋಗಿ ತರಗತಿಗೆ ಗೈರುಹಾಜರಾಗುವವರಿದ್ದಾರೆ. ಅವರು ಕಾರಣ ಕೇಳಿದರೆ ಜ್ವರವೆನ್ನುತ್ತಾರೆ. ಸಂತೆಯೆನ್ನಲು ನಾಚುತ್ತಾರೆ. ಆ ನಾಚಿಕೆಯನ್ನು ಅವರಿಗೆ ಕಲಿಸಿದವರಲ್ಲಿ ನಮ್ಮ ಭಾಷೆ ಇದೆ, ಹಾಜರಿ ಪುಸ್ತಕವೂ ಇದೆ.

ಇನ್ನು ಆಗಬೇಕಾದದ್ದು. 2014ರ ಕಾಯಿದೆಯನ್ನು ಹಳ್ಳಿಯ ಸಂತೆಗಳಿಗೆ ಹಬ್ಬಿಸುವುದು ದಿಲ್ಲಿಯ ಕೆಲಸ. ಅದಕ್ಕಾಗಿ ಒತ್ತಾಯ ನಡೆಯಬೇಕು, ನಡೆಯಲಿ. ಪುರಸಭೆಗಳು ವ್ಯಾಪಾರ ಸಮಿತಿಯನ್ನು ಕಾಗದದ ಮೇಲೆ ಮಾತ್ರ ಇಟ್ಟುಕೊಳ್ಳದೆ, ವ್ಯಾಪಾರಿಗಳಿಂದ ಆರಿಸಿಬಂದವರನ್ನು, ವಿಶೇಷವಾಗಿ ಹೆಂಗಸರನ್ನು, ಸಭೆಗೆ ಕರೆದು ಕುರ್ಚಿ ಹಾಕಿ ಕೂಡಿಸಬೇಕು. ಜಪ್ತಿಯ ಪಟ್ಟಿ, 30 ದಿನಗಳ ಸೂಚನೆ, ಇವುಗಳ ನಿಯಮವನ್ನು ಕಚೇರಿಯ ಕನ್ನಡದಲ್ಲಲ್ಲದೆ ಸಂತೆಯ ಕನ್ನಡದಲ್ಲಿ ಬರೆದು ಬಜಾರಿನಲ್ಲಿ ಅಂಟಿಸಬೇಕು. ಆ ಬರವಣಿಗೆಗೆ ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು ಒಂದು ಮಧ್ಯಾಹ್ನವನ್ನು ಕೊಡಲಾರದಷ್ಟು ಬಡವಾಗಿಲ್ಲ.

ಪಂಚಾಯಿತಿಗಳು ದಿಲ್ಲಿಗಾಗಿ ಕಾಯಬೇಕಾಗಿಲ್ಲ. ಸಂತೆ ಅವರದು, ಸುಂಕ ಅವರದು, ಹರಾಜಿನ ಕರಾರನ್ನು ಬರೆಯುವವರೂ ಅವರೇ. ಮುಂದಿನ ಹರಾಜಿನ ಕರಾರಿನಲ್ಲಿ ನಾಲ್ಕು ಸಾಲು ಸೇರಿಸಲಿ: ಚೀಟಿಯಿಲ್ಲದೆ ಸುಂಕವಿಲ್ಲ, ತಲೆಹೊರೆಗೆ ಒಂದೇ ದರ, ಬಂದ ಹಣದಲ್ಲಿ ಒಂದು ಪಾಲು ಸಂತೆಯ ನೀರು, ನೆರಳು, ಶೌಚಾಲಯಗಳಿಗೇ ಮೀಸಲು, ಕೂಡುವವರ ಪಟ್ಟಿ ಮತ್ತು ಅವರ ಠಾವಿನ ನಕ್ಷೆ ಪಂಚಾಯಿತಿಯ ದಫ್ತರದಲ್ಲಿ. ದರವನ್ನು ಕೊರೆಯಿಸಿ ಸಂತೆಯ ಬಾಯಲ್ಲಿ ನಿಲ್ಲಿಸಲು ಕಲ್ಲನ್ನು ದೂರದಿಂದ ತರಿಸಬೇಕಾಗಿಲ್ಲ. ಶಹಾಬಾದಿನ ಪರಸಿ ಊರೂರಿಗೆ ಹೋಗುತ್ತದೆ. ಒಂದು ಚಪ್ಪಡಿ ಸುಲೇಪೇಟಕ್ಕೆ ಬರಲಿ.